ಬಸ್ಸಿನ ಪಕ್ಕಕ್ಕೆ ಸರಿದು ನಿಂತವನು

ಈಗೀಗ ಭಾನುವಾರ ಬಂತೆಂದರೆ ಯಾರಾದರೊಬ್ಬರು ನನ್ನ ಆಲ್ಬಂ ನೋಡಲು ಬರುತ್ತಾರೆ. ಹಳೆಯ ಕಾರು, ಹಳೆಯ ಬಸ್ಸು ಅಂದರೆ ಪ್ರಾಣ ಬಿಡುವ ಜನ. ಹಾಸನದಲ್ಲಿ ಇಳಿದು, ದಾರಿ ಕೇಳಿಕೊಂಡು ಮನೆ ಹುಡುಕಿ, ಚಪ್ಪಲಿ ಬಿಡುವ ಮೊದಲೇ "ಸಾರ್, ಆ ಮರದ ಬಾಡಿ ಬಸ್ಸು ಎಲ್ಲಿ?" ಅನ್ನುತ್ತಾರೆ. ಕಾಫಿ ಕುಡಿಯುತ್ತಾರೆ. ನಾಲಗೆಗೆ ಬೆರಳು ತಾಗಿಸಿ ಹಾಳೆ ತಿರುಗಿಸುತ್ತಾರೆ. ಆಮೇಲೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಎಷ್ಟು ನೀಟಾಗಿ ತೆಗೆದಿದ್ದೀರಿ ಸಾರ್! ಒಂದು ನರಪಿಳ್ಳೆಯೂ ಅಡ್ಡ ಬಂದಿಲ್ಲ!" ಎದ್ದು ಹೋಗ್ರಯ್ಯಾ ಅನ್ನಬೇಕೆನ್ನಿಸುತ್ತದೆ. ಅನ್ನುವುದಿಲ್ಲ, ಇನ್ನೊಂದು ಲೋಟ ಕಾಫಿ ತರಿಸುತ್ತೇನೆ. ನರಪಿಳ್ಳೆ ಅಡ್ಡ ಬರದಂತೆ ನೋಡಿಕೊಂಡ ಮಹಾನುಭಾವ ನಾನೇ ತಾನೆ.

ಆಗ ನಾನು ಹೊಳೆನರಸೀಪುರದ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರೊಬ್ಬ ಊರು ಬಿಡುವಾಗ ಮಾರಿದ ಡಬ್ಬಿ ಕ್ಯಾಮೆರಾ ಒಂದು ನನ್ನ ಕೈಗೆ ಬಂದಿತ್ತು. ಹೆಸರಿಗೆ ತಕ್ಕಂತೆ ಅದು ಡಬ್ಬಿಯೇ. ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ನೆತ್ತಿಯ ಮೇಲಿರುವ ಅಂಚೆಚೀಟಿ ಅಗಲದ ಗಾಜಿನೊಳಗೆ ಬಗ್ಗಿ ನೋಡಬೇಕು. ಅದರಲ್ಲಿ ಎಡಕ್ಕಿರುವುದು ಬಲಕ್ಕೆ, ಬಲಕ್ಕಿರುವುದು ಎಡಕ್ಕೆ ಕಾಣುತ್ತದೆ. ಒಂದು ರೋಲಿಗೆ ಎಂಟೇ ಚಿತ್ರ. ಹೆಂಡತಿ, ಮಕ್ಕಳು, ಮಾವನವರು ಎಂದು ಹಾಳು ಮಾಡಲು ನನಗೆ ಮನಸ್ಸಿರಲಿಲ್ಲ. ನಾನು ತೆಗೆಯುತ್ತಿದ್ದುದು ಹಳೆಯ ಗಾಡಿಗಳನ್ನು ಮಾತ್ರ. "ಮನೇಲಿ ಹೆತ್ತ ಮಕ್ಕಳದು ಒಂದು ಫೋಟೋ ಇಲ್ಲ, ಊರವರ ತುಕ್ಕು ಹಿಡಿದ ಕಬ್ಬಿಣಕ್ಕೆಲ್ಲ ಫೋಟೋ!" ಎಂದು ಹೆಂಡತಿ ಗೊಣಗುತ್ತಿದ್ದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಅಂದಿದ್ದರೆ ಆವತ್ತು ಊಟ ಇರುತ್ತಿರಲಿಲ್ಲ.

ನಮ್ಮ ಜನಕ್ಕೆ ಕ್ಯಾಮೆರಾ ಕಂಡರೆ ಅದೇನು ಬರುತ್ತಿತ್ತೋ! ದುದ್ದದ ಹತ್ತಿರ ಒಬ್ಬ ಜಮೀನುದಾರರ ಕೊಟ್ಟಿಗೆಯಲ್ಲಿ ಮೇಲು ಬಿಚ್ಚುವ ಕಾರೊಂದು ಕೊಳೆಯುತ್ತಾ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅದರ ಹಿತ್ತಾಳೆ ದೀಪ, ಕಡ್ಡಿ ಚಕ್ರ ನೋಡಿ ನನಗೆ ಕಣ್ಣು ತುಂಬಿ ಬಂತು. ಕೋಳಿಯನ್ನು ಎಬ್ಬಿಸಿ ಫೋಟೋಕ್ಕೆ ಸಿದ್ಧ ಮಾಡುವಷ್ಟರಲ್ಲಿ ಮನೆಯವರೆಲ್ಲ ಜರಿ ರುಮಾಲು ಸುತ್ತಿ, ರೇಷ್ಮೆ ಸೀರೆ ಉಟ್ಟು ಬಂದು ಕಾರಿನ ಮುಂದೆ ಗೋಡೆ ಕಟ್ಟಿದ ಹಾಗೆ ನಿಂತರು. "ಕಾರು ಕಾಣೋದಿಲ್ಲ ಯಜಮಾನರೇ" ಅಂದೆ. "ಕಾರು ನಾಳೀಕೂ ಇರ್ತದೆ, ನಮ್ಮತ್ತೆ ಇರ್ತಾರಾ? ತೆಗೀರಿ" ಅಂದರು. ತೆಗೆದೆ. ಅತ್ತೆ ಬಂದರು, ಕಾರಿನ ಒಂದು ದೀಪ ಬಂತು. ಆ ಫೋಟೋವನ್ನು ನಾನು ಎಂದೂ ಆಲ್ಬಮ್ಮಿಗೆ ಅಂಟಿಸಲಿಲ್ಲ.

ಇನ್ನೊಂದು ಸಲ ಶಾಂತಿಗ್ರಾಮದ ಆಚೆ ಹುರುಳಿ ಹೊಲದಲ್ಲಿ ಪುಟ್ಟ ವಿಮಾನವೊಂದು ಏನೋ ಕೆಟ್ಟು ಇಳಿದುಬಿಟ್ಟಿತು. ಆವತ್ತು ಹಾಸನಕ್ಕೆ ಹೋಗಿದ್ದ ನಾನು ಸೈಕಲ್ ಬಾಡಿಗೆಗೆ ಹಿಡಿದು, ಎದೆ ಒಡೆಯುವಂತೆ ತುಳಿದು ಹೋದೆ. ಅಷ್ಟರಲ್ಲಿ ಅದರ ಮೂತಿಗೆ ಅರಿಶಿನ ಕುಂಕುಮ ಬಳಿದು, ತೆಂಗಿನಕಾಯಿ ಒಡೆದಾಗಿತ್ತು. ಒಬ್ಬಳು ಮುದುಕಿ ಹಾರಿಸಿದವನನ್ನೇ ಹಿಡಿದುಕೊಂಡು "ಇದ್ಕೆ ಏನಪ್ಪಾ ಮೇವು ಆಕ್ತೀರಿ?" ಎಂದು ಕೇಳುತ್ತಿದ್ದಳು. ನನ್ನ ಫೋಟೋದಲ್ಲಿ ನಲವತ್ತು ತಲೆ, ಒಂದು ಬಾಲ. ಹೊಳೆಯ ಹರಿಗೋಲು ತೆಗೆಯಲು ಹೋದಾಗಲೂ ಇದೇ ಪಾಡು. ಹರಿಗೋಲೊಳಗೆ ಹದಿನೈದು ಜನ ತುಂಬಿಕೊಂಡು, ಅದು ಮಗುಚುವುದರಲ್ಲಿತ್ತು. ಆಗ ನಾನೊಂದು ಶಪಥ ಮಾಡಿದೆ. ನನ್ನ ಚಿತ್ರದಲ್ಲಿ ಗಾಡಿ ಇರಬೇಕು, ಅಷ್ಟೇ. ಮನುಷ್ಯನ ನೆರಳೂ ಬೀಳಕೂಡದು. ಡ್ರಾಯಿಂಗ್ ಕಲಿತವನ ಸೊಕ್ಕು ಅದು, ಬೇರೇನಲ್ಲ.

ಈ ಶಪಥಕ್ಕೆ ತಲೆಬಾಗಿದವನು ಒಬ್ಬನೇ. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ಓಡುತ್ತಿದ್ದ ಒಂದು ಮರದ ಬಾಡಿ ಬಸ್ಸಿನ ಡ್ರೈವರ್. ನಾನು ಊರಿಗೆ ಬಂದಾಗ ಅವನಿಗೆ ಮೂವತ್ತರ ಹತ್ತಿರ. ಯುದ್ಧದ ಕಾಲದಲ್ಲಿ ಆ ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಓಡಿತ್ತಂತೆ. ಆಗ ಹಿಂದುಗಡೆ ಇದ್ದಲು ಕುಟ್ಟಿ, ಒಲೆ ಊದುವ ಕ್ಲೀನರಾಗಿ ಸೇರಿಕೊಂಡವನು, ಹಳೆಯ ಡ್ರೈವರ್ ಹೋದ ಮೇಲೆ ಸ್ಟೇರಿಂಗ್ ಹಿಡಿದಿದ್ದ. ಬಸ್ಸನ್ನು 'ಮುದ್ಕಿ' ಅನ್ನುತ್ತಿದ್ದ. ಬೆಳಿಗ್ಗೆ ಅವಳನ್ನು ಎಬ್ಬಿಸಬೇಕಾದರೆ ಮುಂದುಗಡೆ ಹ್ಯಾಂಡಲ್ ಹಾಕಿ ತಿರುವಬೇಕು. ಒಮ್ಮೆ ಹ್ಯಾಂಡಲ್ ತಿರುಗಿ ಹೊಡೆದು ಅವನ ಬಲಗೈ ಹೆಬ್ಬೆರಳು ಮುರಿದಿತ್ತು. ಕೂಡಿಕೊಳ್ಳುವಾಗ ಅದು ಹೊರಕ್ಕೆ ಸೊಟ್ಟಗೆ ಕೂಡಿಕೊಂಡಿತ್ತು. "ಮುದ್ಕಿ ವದ್ದ ಗುರ್ತು ಸಾ ಇದು, ಯಾರ್ಗೂ ಕೊಡಾಕಿಲ್ಲ" ಎಂದು ಬೆರಳು ತೋರಿಸಿ ನಗುತ್ತಿದ್ದ.

ಹನ್ನೆರಡು ವರ್ಷದಲ್ಲಿ ನಾನು ಆ ಬಸ್ಸನ್ನು ಮೂವತ್ತೊಂದು ಸಲ ತೆಗೆದೆ. ದಿಣ್ಣೆ ಏರುವಾಗ, ರೇಡಿಯೇಟರಿಗೆ ನೀರು ಕುಡಿಸುವಾಗ, ಮಳೆಗೆ ಟಾರ್ಪಾಲು ಹೊದೆಸಿದಾಗ. ಪ್ರತಿ ಸಲವೂ ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ಬಂದು ಬಾನೆಟ್ ಪಕ್ಕ ನಿಲ್ಲುತ್ತಿದ್ದ. ಪ್ರತಿ ಸಲವೂ ನಾನು ಗಾಜಿನಿಂದ ತಲೆ ಎತ್ತದೆ ಕೈ ಬೀಸುತ್ತಿದ್ದೆ: "ಪಕ್ಕಕ್ಕೆ ಸರಿ, ಪಕ್ಕಕ್ಕೆ!" ಗಾಜು ಎಡಬಲ ತಿರುವಿ ತೋರಿಸುವುದರಿಂದ ನನ್ನ ಕೈ ತಪ್ಪು ಕಡೆಗೆ ಬೀಸುತ್ತಿತ್ತು. ಉಳಿದವರೆಲ್ಲ ಕಕ್ಕಾಬಿಕ್ಕಿಯಾಗಿ ಇನ್ನಷ್ಟು ನಡುವೆ ಬರುತ್ತಿದ್ದರು. ಇವನೊಬ್ಬ ಎರಡೇ ಸಲಕ್ಕೆ ಕಲಿತುಬಿಟ್ಟ. "ನೀವ್ ಇಂಗೆ ಬೀಸುದ್ರೆ ನಾನ್ ಅಂಗೆ ಓಗ್ಬೇಕು, ಅಲ್ವಾ ಸಾ?" ಅಂದ. ಆಮೇಲೆ ನಾನು ಬರೀ ಕೈ ಎತ್ತಿದರೆ ಸಾಕು, ಎಲ್ಲಿಗೆ ಹೋದರೆ ಗಾಜಿನಿಂದ ಪೂರ್ತಿ ಆಚೆಗಾಗುತ್ತಾನೋ ಅಲ್ಲಿಗೆ ನೆಟ್ಟಗೆ ಹೋಗಿ ನಿಲ್ಲುತ್ತಿದ್ದ. ಎಂಥ ಬುದ್ಧಿವಂತ ಎಂದು ನಾನು ಸಂತೋಷಪಟ್ಟೆ.

ಬಸ್ಸಿನ ಮಾಲೀಕರು ಅರಕಲಗೂಡಿನವರು. ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಈ ಪುಣ್ಯಾತ್ಮರು ಕೊಡೆಯ ಬದಲು ಬಸ್ಸು ಹಿಡಿದಿದ್ದರು. ಅವರಿಗೆ ಗೇರು ಯಾವುದು, ಬ್ರೇಕು ಯಾವುದು ತಿಳಿಯದು. ಆದರೂ ಆಯುಧಪೂಜೆ ದಿವಸ ಬಸ್ಸಿಗೆ ಬಾಳೆಕಂದು ಕಟ್ಟಿ, ಚೆಂಡುಹೂವು ಸುತ್ತಿ, ಮನೆಯವರೇ ಒಳಗೆ ಹತ್ತಿ ಕೂರುವುದು ಪದ್ಧತಿ. ಡ್ರೈವರಿಗೆ ಆವತ್ತು ಬೇರೆ ಕೆಲಸ. ಚಕ್ರದಡಿಗೆ ನಿಂಬೆಹಣ್ಣು ಇಡಬೇಕು, ಬೂದುಗುಂಬಳ ನಿವಾಳಿಸಿ ಒಡೆಯಬೇಕು. ವರ್ಷವೆಲ್ಲ ಅವನು ಕೂತ ಸೀಟಿನಲ್ಲಿ ಆವತ್ತು ಸಾವ್ಕಾರ್ರ ಬಾಮೈದ ಕೂರುತ್ತಿದ್ದ. ಮಡಿ ಪಂಚೆ, ಕಣ್ಣಿಗೆ ಕಪ್ಪು ಕನ್ನಡಕ. ಮನೆಯ ಜೀಪಿನಲ್ಲಿ ಹೇಗೋ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದ ಅಷ್ಟೆ, ಬಸ್ಸನ್ನು ಒಂದು ಮಾರು ಓಡಿಸಿದವನಲ್ಲ.

ಒಂದು ವರ್ಷ ಸಾವ್ಕಾರ್ರು ನನ್ನನ್ನು ಕರೆಸಿದರು. ಪೂಜೆಯ ಫೋಟೋ ತೆಗೆದುಕೊಟ್ಟರೆ ಎರಡು ರೋಲು ಫಿಲ್ಮು ತರಿಸಿಕೊಡುತ್ತೇನೆ ಅಂದರು. ಎರಡು ರೋಲು! ನನ್ನ ಶಪಥ ಬೂದುಗುಂಬಳಕ್ಕಿಂತ ಮೊದಲೇ ಒಡೆದುಹೋಯಿತು. ಬಾಗಿಲ ಬಳಿ ಸಾವ್ಕಾರ್ರು ನಿಂತರು, ಸ್ಟೇರಿಂಗ್ ಮೇಲೆ ಎರಡು ಕೈಯಿಟ್ಟು ಬಾಮೈದ ಕೂತ. ಡ್ರೈವರ್ ಕುಂಬಳಕಾಯಿ ಹಿಡಿದುಕೊಂಡು ಬಾನೆಟ್ ಹತ್ತಿರ ನಿಂತಿದ್ದ. ನಾನು ಕೈ ಎತ್ತಿದೆ. ಕುಂಬಳಕಾಯಿ ಸಮೇತ ಪಕ್ಕಕ್ಕೆ ಹೋದ.

ಫೋಟೋ ದೊಡ್ಡದು ಮಾಡಿಸಿ ರಟ್ಟಿಗೆ ಅಂಟಿಸಿದ ಮೇಲೆ ಸಾವ್ಕಾರ್ರು, "ಮೇಷ್ಟ್ರೇ, ಕೆಳಗೆ ನಿಮ್ಮ ಕೈಯಲ್ಲಿ ಚೆನ್ನಾಗಿ ಬರೀರಿ. ನನ್ನ ಕೆಳಗೆ ಮಾಲೀಕರು ಅಂತ, ನಮ್ಮ ಬಾಮೈದನ ಕೆಳಗೆ ಚಾಲಕರು ಅಂತ. ಸುಮ್ಮನೆ ಕೂತವ್ನೆ ಅಂದ್ರೆ ನೋಡಿದೋರು ನಗಾಕಿಲ್ವಾ?" ಅಂದರು. ನಗು ಬಂದದ್ದು ನನಗೆ. ಈ ಮುಖಕ್ಕೆ ಚಾಲಕ ಪದವಿ ಬೇರೆ ಕೇಡು ಎಂದು ಒಳಗೊಳಗೇ ನಕ್ಕುಕೊಂಡು, ಎರಡು ಸಂಜೆ ಕೂತು ಕಪ್ಪು ಇಂಕಿನಲ್ಲಿ ನೆರಳು ಕೊಟ್ಟು ದಪ್ಪಕ್ಷರ ಬರೆದೆ. ಅದನ್ನು ಚೌಕಟ್ಟು ಹಾಕಿಸಿ ಅವರ ಆಫೀಸಿನಲ್ಲಿ ತೂಗುಹಾಕಿದ ದಿವಸ ಡ್ರೈವರ್ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. "ಅಕ್ಸರ ಮುತ್ತು ಪೋಣಿಸ್ದಂಗವೆ ಸಾ" ಅಂದ. ಏನು ಬರೆದಿದೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊಗಳಿಕೆಗೆ ಉಬ್ಬಿಕೊಂಡು ಮನೆಗೆ ಬಂದೆ.

ಆಮೇಲೆ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಒಂದು ಬೆಳಿಗ್ಗೆ ಶಾಲೆಗೆ ಹೊರಡುತ್ತಿದ್ದೇನೆ, ಜಗಲಿಯ ಮೇಲೆ ಇವನು ಕೂತಿದ್ದಾನೆ. ಅದೇ ಖಾಕಿ ಅಂಗಿ, ಗುಂಡಿ ಕತ್ತಿನವರೆಗೂ ಹಾಕಿದ್ದ.

"ಲೈನು ಸರ್ಕಾರದೋರು ತಗೊಂಡ್ರು ಸಾ" ಅಂದ. "ಮುದ್ಕೀನ ಗುಜ್ರಿಗೆ ಆಕುದ್ರು. ಓಗ್ಲಿ, ಅವ್ಳ ಕಾಲ ಮುಗೀತು. ಒಂದೊಂದು ಹಳೇ ಬಸ್ಸಿಂದ ಒಬ್ಬ ಡ್ರೈವರ್‌ನ ಸರ್ಕಾರಿ ಕೆಲ್ಸುಕ್ ತಗೋತಾರಂತೆ. ಸಾವ್ಕಾರ್ರು ಬಾಮೈದನ ಎಸ್ರು ಬರೆಸ್ಬುಟ್ಟವ್ರೆ."

"ಬಾಮೈದನೇ? ಅವನು ಯಾವತ್ತು ಓಡಿಸಿದ?"

"ಅದ್ನೇ ನಾನೂ ಕೇಳ್ದೆ. ಲೈಸನ್ಸ್ ಇಬ್ರುಗೂ ಅದೆ. ಆ ಬಸ್ನಾಗೆ ಕೆಲ್ಸ ಮಾಡ್ದೆ ಅನ್ನಾಕೆ ನಿನ್ನತ್ರ ಏನದೆ ಅಂದ್ರು ಸರ್ಕಾರದೋರು. ಸಾವ್ಕಾರ್ರು ಯಾವತ್ತು ಚೀಟಿ ಕೊಟ್ಟಿದ್ರು ಸಾ? ಕೈಗಿಷ್ಟು, ಸುಗ್ಗೀಲಿ ರಾಗಿ ಇಷ್ಟು. ಊರೋರ್ನ ಕೇಳುದ್ರೆ, ಸಾವ್ಕಾರ್ರ ಎದ್ರು ಆಕ್ಕಂಡು ಬದ್ಕಾದುಂಟಾ ಅಂತಾರೆ." ಮುಖ ಅರಳಿಸಿ ಹೇಳಿದ: "ಆಮ್ಯಾಕೆ ನೀವು ಗ್ಯಾಪಕಕ್ಕೆ ಬಂದ್ರಿ. ಮೇಷ್ಟ್ರು ಅಷ್ಟೊಂದು ಫೋಟೋ ತಗದವ್ರೆ, ಒಂದ್ರಲ್ಲಾದ್ರೂ ನಾನು ಇರಾಕಿಲ್ವಾ ಅಂತ ಬಂದೆ."

ಆವತ್ತು ಶಾಲೆಗೆ ರಜೆ ಹಾಕಿದೆ. ಆಲ್ಬಂ ತೆಗೆದೆ. ಅವನು ಪಂಚೆಗೆ ಕೈ ಒರೆಸಿಕೊಂಡು ಒಂದೊಂದೇ ಹಾಳೆ ನೋಡಿದ. "ಇದು ದಿಣ್ಣೇದು... ಇದು ನೀರ್ ಉಯ್ದಿದ್ದು... ಇಲ್ಲಿ ಟೈರ್ ಓಗಿತ್ತು, ನಾನ್ ಬದಲಾಯ್ಸ್ತಿದ್ದೆ, ನೀವು ತಡಿ ಅಂದ್ರಿ..." ಮೂವತ್ತು ಚಿತ್ರ ಮುಗಿದವು. ಪ್ರತಿ ಚಿತ್ರದಲ್ಲೂ ಅವನು ಎಲ್ಲಿ ನಿಂತಿದ್ದನೆಂದು ಅವನಿಗೆ ಗೊತ್ತಿತ್ತು. ಅದು ಫೋಟೋದ ಅಂಚಿನಿಂದ ಒಂದು ಗೇಣು ಆಚೆ. ಹೆಂಡತಿ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಆವತ್ತು ಗೊಣಗಲಿಲ್ಲ.

ಮೂವತ್ತೊಂದನೆಯದರ ಒಂದು ಅಂಚನ್ನು ನಾನು ಕತ್ತರಿಯಿಂದ ಕತ್ತರಿಸಿದ್ದೆ. ಯಾಕೆಂದು ನೆನಪಾಗಿ ನೆಗೆಟಿವ್ ಹುಡುಕಿ ಕಿಟಕಿಯ ಬೆಳಕಿಗೆ ಹಿಡಿದೆ. ಮಡ್‌ಗಾರ್ಡ್ ಮೇಲೆ ಒಂದು ಕೈಯಿತ್ತು. ಕೊನೆಯ ಗಳಿಗೆಯಲ್ಲಿ ದೂಳು ಒರೆಸಲು ಚಾಚಿದ ಕೈ. ಮುಂಗೈವರೆಗೆ ಮಾತ್ರ ಬಿದ್ದಿತ್ತು, ಹೆಬ್ಬೆರಳು ಹೊರಕ್ಕೆ ಸೊಟ್ಟಗೆ. ಚಿತ್ರ ಕೆಟ್ಟಿತೆಂದು ಬೈದುಕೊಂಡು ಅದನ್ನು ಕತ್ತರಿಸಿ ಬಿಸಾಕಿದ್ದೆ. ಅವನಿಗೆ ತೋರಿಸಿದೆ. "ನನ್ದೇ ಸಾ! ನನ್ ಬೆಳ್ಳೇ!" ಎಂದು ಕುಣಿಯುವಂತಾದ. ಇಬ್ಬರೂ ಹಾಸನಕ್ಕೆ ಹೋಗಿ ಸ್ಟುಡಿಯೋದಲ್ಲಿ ಆ ಕೈಯನ್ನು ದೊಡ್ಡದು ಮಾಡಿಸಿದೆವು. ಸ್ಟುಡಿಯೋದವನು "ಬಸ್ ಬುಟ್ಟು ಕೈ ದೊಡ್ಡದು ಮಾಡುಸ್ತೀರಲ್ಲ, ಏನ್ ಉಚ್ಚಾ?" ಎಂದು ನಕ್ಕ.

ಅರಕಲಗೂಡಿನ ಪ್ರವಾಸಿ ಮಂದಿರಕ್ಕೆ ಸರ್ಕಾರಿ ಬಸ್ಸಿನ ಅಧಿಕಾರಿ ಈ ಕೆಲಸದ ವಿಚಾರಣೆಗೆ ಬಂದಿದ್ದರು. ಸಾವ್ಕಾರ್ರೂ ಬಾಮೈದನೂ ಮೊದಲೇ ಬಂದು ಕುರ್ಚಿ ಹಿಡಿದಿದ್ದರು. ಕಪ್ಪು ಕನ್ನಡಕ ಆವತ್ತೂ ಇತ್ತು, ಕೋಣೆಯೊಳಗೆ ಯಾವ ಬಿಸಿಲಿಗೋ ಕಾಣೆ. ನಾನು ಎದೆಯುಬ್ಬಿಸಿ ಹೇಳಿದೆ: "ಹನ್ನೆರಡು ವರ್ಷ ಆ ಬಸ್ಸನ್ನು ಓಡಿಸಿದವನು ಇವನೇ. ನಾನೇ ಸಾಕ್ಷಿ." ಡ್ರೈವರ್ ಫೋಟೋವನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ತನ್ನ ಬಲಗೈಯನ್ನು ಊರಿದ. ಎರಡು ಕೈ ಅಕ್ಕಪಕ್ಕ, ಒಂದೇ ಸೊಟ್ಟ ಬೆರಳು. ಅಧಿಕಾರಿ ಒಳ್ಳೆಯ ಮನುಷ್ಯ. ಕನ್ನಡಕ ಏರಿಸಿ ಎರಡನ್ನೂ ನೋಡಿದರು. "ಹೋಲುತ್ತೆ" ಅಂದರು. ಗೆದ್ದೆವು ಎಂದುಕೊಂಡೆ.

ಆಗ ಸಾವ್ಕಾರ್ರು ಟವೆಲಿನಲ್ಲಿ ಸುತ್ತಿ ತಂದಿದ್ದ ಚೌಕಟ್ಟನ್ನು ನಿಧಾನವಾಗಿ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದರು. ಬಸ್ಸು, ಬಾಳೆಕಂದು, ಸ್ಟೇರಿಂಗ್ ಹಿಡಿದ ಬಾಮೈದ. ಕೆಳಗೆ ನನ್ನ ಮುತ್ತಿನಂಥ ಅಕ್ಷರ.

"ಬಸ್ಸು ತೊಳೆಯೋರು, ಒರೆಸೋರು ನೂರು ಜನ ಇರ್ತಾರೆ ಸ್ವಾಮಿ" ಅಂದರು ಸಾವ್ಕಾರ್ರು. "ಓಡ್ಸೋನು ಇಲ್ಲಿ ಕೂತವ್ನೆ ನೋಡಿ. ನಾನು ಯೋಳೋದಲ್ಲ, ಮೇಷ್ಟ್ರೇ ಬರೆದವ್ರೆ."

ಅಧಿಕಾರಿ ಓದಿದರು. "ಇದು ನಿಮ್ಮ ಅಕ್ಷರವೇ?" ಅಂದರು.

"ಹೌದು, ಆದರೆ ಅದು ಆಯುಧಪೂಜೆ ದಿವಸ..."

"ಸುಳ್ಳು ಅಂತ ಗೊತ್ತಿದ್ದೂ ಬರೆದ್ರಾ?"

ಏನು ಹೇಳಲಿ? ಎರಡು ರೋಲು ಫಿಲ್ಮಿಗೆ ಬರೆದೆ ಎಂದೇ? ನಗು ಬಂತು, ಅದಕ್ಕೆ ಬರೆದೆ ಎಂದೇ? ಊರವರ ಅಲ್ಪತನಕ್ಕೆಲ್ಲ ಮೂಗು ಮುರಿದವನು ನಾನು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವ ಜಾತಿ. "ಮೇಷ್ಟ್ರೇ, ಆಗ ಬರೆದದ್ದು ಸುಳ್ಳಾದರೆ ಈಗ ಹೇಳೋದು ನಿಜ ಅಂತ ನಾನು ಹೇಗೆ ಬರಕೊಳ್ಳಲಿ? ನನಗೆ ಮುಖ ಬೇಕು, ಇಲ್ಲಾ ಕಾಗದ ಬೇಕು. ಕೈ ಇಟ್ಟುಕೊಂಡು ಏನು ಮಾಡಲಿ?" ಅಂದರು ಅಧಿಕಾರಿ. ಬೇಜಾರಿನಿಂದಲೇ ಅಂದರು. ಡ್ರೈವರ್ ಚೌಕಟ್ಟನ್ನೇ ನೋಡುತ್ತಿದ್ದ. ಅದರಲ್ಲಿ ಏನು ಬರೆದಿದೆ ಎಂದು ಅವನಿಗೆ ತಿಳಿದದ್ದು ಆವತ್ತು. ಮೇಜಿನ ಮೇಲಿದ್ದ ಕೈಯನ್ನು ತೆಗೆದುಕೊಂಡ.

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಅಲ್ಲಿ ನಾನು "ತಪ್ಪು ನನ್ನದು ಕಣಪ್ಪ" ಅಂದೆ. ಬಯ್ಯಲಿ ಎಂದು ಕಾದೆ.

"ಬುಡಿ ಸಾ" ಅಂದ. "ದುದ್ದದ ಕಡೆ ಒಂದು ತ್ವಾಟದಾಗೆ ಡೀಸೆಲ್ ಪಂಪ್ ಅದೆಯಂತೆ, ನೋಡ್ಕಳಾಕೆ ಜನ ಬೇಕಂತೆ. ಅದ್ಕೂ ಹ್ಯಾಂಡಲ್ ತಿರುವ್ಬೇಕು. ತಿರುವ್ತೀನಿ."

ಅಷ್ಟರಲ್ಲಿ ಹೊಸ ಬಣ್ಣದ ಸರ್ಕಾರಿ ಬಸ್ಸು ಬಂದು ನಿಂತಿತು. ಒಳಗೆ ಯಾರೋ ನಮಗೆ ಗೊತ್ತಿಲ್ಲದ ಡ್ರೈವರ್. ಜೊತೆಗೆ ತಂದಿದ್ದ ಕ್ಯಾಮೆರಾದಲ್ಲಿ ಒಂದು ಚಿತ್ರ ಉಳಿದಿತ್ತು. "ಅಲ್ಲೇ ಇರು, ಒಂದು ತೆಗೀತೀನಿ" ಎಂದು ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಗಾಜಿನೊಳಗೆ ಬಗ್ಗಿದೆ. ಅವನು ಗಾಜಿನ ಅಂಚಿನಲ್ಲಿದ್ದ. ಒಂದು ಹೆಜ್ಜೆ ನಡುವೆ ಬಾ ಎಂದು ಕೈ ಎತ್ತಿದೆ.

ಹನ್ನೆರಡು ವರ್ಷದಿಂದ ನಾನು ಅವನಿಗೆ ಕೈ ಎತ್ತಿದ್ದು ಒಂದೇ ಒಂದು ಕಾರಣಕ್ಕೆ. ತಲೆ ಎತ್ತಿ ನೋಡುವಷ್ಟರಲ್ಲಿ ಗಾಜಿನಲ್ಲಿ ಬಸ್ಸೊಂದೇ ಉಳಿದಿತ್ತು. ಅವನು ಬಸ್ ಸ್ಟ್ಯಾಂಡಿನ ಕಂಬದ ಆಚೆ ಹೋಗಿ, ತೋಳು ಕೂಡ ಹೊರಗೆ ಬೀಳದಂತೆ ಎದೆಗೆ ಒತ್ತಿಕೊಂಡು ನಿಂತಿದ್ದ.

"ಇಷ್ಟು ಸಾಕಾ ಸಾ?" ಎಂದು ಕೂಗಿದ. "ಪೂರಾ ಆಚೆಗೆ ಓದ್ನಾ?"